ಮರಿಯ ಆಯ್ಕೆ

ಒಕ್ಕಲಿಗನು ಎತ್ತನ್ನು ಕೊಳ್ಳುವಾಗ ಹಲ್ಲು ನೋಡುತ್ತಾನೆ, ಸುಳಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ. ಬಿತ್ತನೆಯ ಬೀಜವನ್ನು ಅಂಗೈಯಲ್ಲಿ ಹಿಡಿದು ಜೊಳ್ಳು ಯಾವುದು, ಗಟ್ಟಿ ಯಾವುದು ಎಂದು ಪರೀಕ್ಷಿಸುತ್ತಾನೆ. ನಾಯಿಯ ವಿಷಯ ಬಂದಾಗ ಮಾತ್ರ ಮನುಷ್ಯನು ಆತುರಗಾರನಾಗುತ್ತಾನೆ. ಐದಾರು ಮರಿಗಳ ನಡುವೆ ಕಣ್ಣಿಗೆ ಚೆಂದವಾಗಿ ಕಂಡ ಒಂದನ್ನು ಎತ್ತಿ, ಹೆಗಲ ಚೀಲಕ್ಕೆ ಇಳಿಸಿ, ಮನೆಯ ದಾರಿ ಹಿಡಿಯುತ್ತಾನೆ. ಆ ಒಂದು ಗಳಿಗೆಯ ಆಯ್ಕೆಯ ಫಲವನ್ನು ಮುಂದಿನ ಹತ್ತು ಹನ್ನೆರಡು ವರ್ಷ ಮನೆಯವರೂ ಉಣ್ಣಬೇಕು, ನಾಯಿಯೂ ಉಣ್ಣಬೇಕು.

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯಲ್ಲಿ ಈ ಆಯ್ಕೆ ಬರಿಯ ಹವ್ಯಾಸದ ಮಾತಲ್ಲ. ತುಂಗಭದ್ರೆಯ ಕಾಲುವೆ ಹರಿದ ಗಂಗಾವತಿಯ ಕಡೆ ಭತ್ತದ ಗದ್ದೆಗಳು ಹಸುರಾಗಿದ್ದರೂ, ಕುಷ್ಟಗಿ ಮತ್ತು ಯಲಬುರ್ಗಾದ ಬಹುಭಾಗ ಮಳೆಯನ್ನೇ ನಂಬಿದ ಬಯಲುನೆಲ. ಕಲ್ಲುಗುಡ್ಡ, ಕುರುಚಲು ಗಿಡ, ಎರೆಹೊಲ, ಹುಲ್ಲುಗಾವಲು ಇವುಗಳ ನಡುವೆ ಕುರಿಗಾರರು ಮಂದೆಯನ್ನು ಹೊಡೆದುಕೊಂಡು ತಿಂಗಳುಗಟ್ಟಲೆ ಅಲೆಯುತ್ತಾರೆ. ಸಂಜೆಯಾದರೆ ಯಾವುದೋ ಹೊಲದಲ್ಲಿ ಹಟ್ಟಿ ಹಾಕುತ್ತಾರೆ. ಕತ್ತಲಾದ ಮೇಲೆ ಅವರಿಗೆ ಇರುವ ಆಸರೆ ಮೂರು: ಕೈಯಲ್ಲಿಯ ಕೋಲು, ಹೆಗಲ ಮೇಲಿನ ಕಂಬಳಿ, ಹಟ್ಟಿಯ ಸುತ್ತ ಸುಳಿಯುವ ನಾಯಿ. ಈ ಮೂರರಲ್ಲಿ ಎಚ್ಚರವಾಗಿರುವುದು ನಾಯಿಯೊಂದೇ.

ಈ ನಾಡಿನ ಮನುಷ್ಯನಿಗೂ ಬೇಟೆಗೂ ಇರುವ ನಂಟು ಬಹಳ ಹಳೆಯದು. ಗಂಗಾವತಿಗೆ ಸಮೀಪದ ಹಿರೇಬೆಣಕಲ್ಲಿನ ಬೆಟ್ಟದ ಮೇಲೆ ಶಿಲಾಯುಗವನ್ನು ದಾಟಿ ಕಬ್ಬಿಣದ ಯುಗಕ್ಕೆ ಬಂದ ಜನ ಕಟ್ಟಿದ ಕಲ್ಲುಮನೆಗಳಂತಹ ಸಮಾಧಿಗಳಿವೆ. ಅಲ್ಲಿಯ ಬಂಡೆಗಳ ಅಡಿಯಲ್ಲಿ ಕೆಂಪು ಬಣ್ಣದಿಂದ ಬಿಡಿಸಿದ ಚಿತ್ರಗಳೂ ಇವೆ. ಆಯುಧ ಹಿಡಿದ ಮನುಷ್ಯರು, ಕಾಡಿನ ಮೃಗಗಳು ಆ ಚಿತ್ರಗಳಲ್ಲಿ ಕಾಣುತ್ತವೆ. ಮುಂದೆ ಬೇಡರು, ಕುರುಬರು, ಪಾಳೆಯಗಾರರು, ಅರಸರು ಎಲ್ಲರೂ ಬೇಟೆಯಾಡಿದರು. ಅವರೊಂದಿಗೆ ನಾಯಿಯೂ ಓಡಿತು.

ಬೇಟೆನಾಯಿಗೆ ಕನ್ನಡಿಗರು ಸಲ್ಲಿಸಿದ ಗೌರವಕ್ಕೆ ಒಂದು ಕಲ್ಲೇ ಸಾಕ್ಷಿಯಾಗಿದೆ. ಅದು ಈಗಿನ ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ, ಕ್ರಿ.ಶ. 949-50ರ ಕಾಲದ ಶಾಸನ. ತಕ್ಕೋಲದ ಯುದ್ಧದಲ್ಲಿ ಗಂಗರ ಅರಸ ಬೂತುಗನ ಕಡೆ ಕಾದಿದ ಮಣಲೇರನೆಂಬ ವೀರನ ಶೌರ್ಯಕ್ಕೆ ಒಡೆಯನು ಮೆಚ್ಚಿ, ಬೇಕಾದುದನ್ನು ಬೇಡು ಎಂದನು. ಮಣಲೇರನು ಹೊನ್ನನ್ನು ಬೇಡಲಿಲ್ಲ; ಕಾಳಿ ಎಂಬ ಬೇಟೆನಾಯಿಯನ್ನು ಬೇಡಿದನು. ಆ ನಾಯಿಯನ್ನು ದೊಡ್ಡದೊಂದು ಕಾಡುಹಂದಿಯ ಮೇಲೆ ಬಿಟ್ಟಾಗ ಹಂದಿಯೂ ನಾಯಿಯೂ ಒಂದನ್ನೊಂದು ಕೊಂದು ಸತ್ತವು. ಮಣಲೇರನು ಊರಿನ ಚಲ್ಲೇಶ್ವರ ಗುಡಿಯ ಮುಂದೆ ಅದಕ್ಕಾಗಿ ಕಲ್ಲನ್ನು ನಿಲ್ಲಿಸಿ, ಅದರ ಪೂಜೆಗೂ ವ್ಯವಸ್ಥೆ ಮಾಡಿಸಿದನು. ನಾಯಿಯೂ ಹಂದಿಯೂ ಸೆಣಸುವ ಚಿತ್ರವಿರುವ ಆ ಕಲ್ಲನ್ನು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಇಂದಿಗೂ ನೋಡಬಹುದು. ಕಾಳಿ ಹಿಂದೆ ನೋಡದೆ ಮುನ್ನುಗ್ಗಿದ ನಾಯಿ. ಆ ಕಾಲ ಮೆಚ್ಚಿದ್ದು ಅಂತಹ ನಾಯಿಯನ್ನು.

ಕೊಪ್ಪಳದ ಸೀಮೆಯಲ್ಲಿ ಜನರು ಬೇಟೆನಾಯಿಯನ್ನು ‘ಬ್ಯಾಟಿನಾಯಿ’ ಎನ್ನುತ್ತಾರೆ. ಹಾಗೆ ಕರೆಯುವ ನಾಯಿಗಳಲ್ಲಿ ಎಲ್ಲಕ್ಕೂ ಹೆಸರಾದುದು ನೆರೆಯ ಬಾಗಲಕೋಟೆ ಜಿಲ್ಲೆಯ ಮುಧೋಳದ ತಳಿ. ಬೇಡರು ಸಾಕಿಕೊಂಡಿದ್ದ ಈ ನಾಯಿಗಳ ಓಟವನ್ನು ಕಂಡು ಮುಧೋಳದ ಅರಸ ಮಾಲೋಜಿರಾವ್ ಘೋರ್ಪಡೆಯವರು ಒಳ್ಳೆಯವನ್ನು ಆರಿಸಿ ತಳಿಯನ್ನು ಬೆಳೆಸಿದರು. ಇಂಗ್ಲೆಂಡಿನ ದೊರೆ ಐದನೆಯ ಜಾರ್ಜನಿಗೆ ಒಂದು ಜೋಡಿಯನ್ನು ಕಾಣಿಕೆಯಾಗಿ ಕೊಟ್ಟರು. 2005ರಲ್ಲಿ ಭಾರತೀಯ ಅಂಚೆ ಇಲಾಖೆಯು ಈ ನಾಯಿಯ ಚಿತ್ರವುಳ್ಳ ಅಂಚೆಚೀಟಿಯನ್ನು ಹೊರಡಿಸಿತು. 2016ರಲ್ಲಿ ಇದರ ಮರಿಗಳು ತರಬೇತಿಗಾಗಿ ಮೀರತ್‌ನ ಸೇನಾಕೇಂದ್ರವನ್ನು ಸೇರಿದವು. ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಸೇರಿದ ಶ್ವಾನ ಸಂಶೋಧನಾ ಕೇಂದ್ರವಿದೆ.

ಈ ತಳಿಯ ನಾಯಿ ಮೂಸಿ ಹುಡುಕುವುದಕ್ಕಿಂತ ಹೆಚ್ಚಾಗಿ ಕಣ್ಣಿನಿಂದ ಕಂಡು ಅಟ್ಟುವಂತಹುದು. ಉದ್ದನೆಯ ಕಿರಿದಾದ ತಲೆ, ಆಳವಾದ ಎದೆ, ಬೆನ್ನಿಗಂಟಿದಂತಹ ಹೊಟ್ಟೆ, ಉದ್ದವಾದ ಕಾಲು, ತುದಿಗೆ ಸಣ್ಣಗಾಗುವ ನೀಳವಾದ ಬಾಲ ಇದರ ಲಕ್ಷಣಗಳು. ಬೆಳೆದ ಗಂಡಿನ ಎತ್ತರ ಭುಜದ ಬಳಿ ಸುಮಾರು 68ರಿಂದ 72 ಸೆಂಟಿಮೀಟರ್. ಹೆಣ್ಣು 64ರಿಂದ 68 ಸೆಂಟಿಮೀಟರ್. ಇದರ ಒಂದೊಂದು ಅಂಗವೂ ಓಟಕ್ಕಾಗಿಯೇ ರೂಪುಗೊಂಡಿದೆ. ಆಳವಾದ ಎದೆಯಲ್ಲಿ ಹೃದಯಕ್ಕೂ ಶ್ವಾಸಕೋಶಕ್ಕೂ ಧಾರಾಳ ಸ್ಥಳವಿದೆ. ಬಿಲ್ಲಿನಂತೆ ಬಾಗಿ ಬಿಚ್ಚುವ ಬೆನ್ನು ಹೆಜ್ಜೆಯನ್ನು ನೀಳಗೊಳಿಸುತ್ತದೆ. ನಾಗಾಲೋಟದಲ್ಲಿ ಒಂದು ಸುತ್ತು ಹೆಜ್ಜೆ ಮುಗಿಯುವಷ್ಟರಲ್ಲಿ ಎರಡು ಬಾರಿ ನಾಲ್ಕು ಕಾಲುಗಳೂ ನೆಲವನ್ನು ಬಿಟ್ಟಿರುತ್ತವೆ. ತಿರುವಿನಲ್ಲಿ ದೇಹದ ತೂಕವನ್ನು ಸರಿದೂಗಿಸಲು ಬಾಲವು ಚುಕ್ಕಾಣಿಯಂತೆ ನೆರವಾಗುತ್ತದೆ.

ಇಂತಹ ತಾಯಿಯೊಂದು ಐದಾರು ಮರಿಗಳನ್ನು ಹಾಕಿದೆ ಎಂದುಕೊಂಡರೆ, ಅವುಗಳಲ್ಲಿ ಯಾವುದನ್ನು ಆರಿಸಬೇಕು? ಕುಷ್ಟಗಿಯ ಸೀಮೆಯ ಒಂದು ಪ್ರಸಂಗವನ್ನು ಕಲ್ಪಿಸಿಕೊಂಡರೆ ಈ ಪ್ರಶ್ನೆಯ ತೂಕ ತಿಳಿಯುತ್ತದೆ.

ವಯಸ್ಸಾದ ಕುರಿಗಾರನೊಬ್ಬ ತನ್ನ ಮೊಮ್ಮಗನನ್ನು ಕರೆದುಕೊಂಡು ನೆರೆಯೂರಿಗೆ ಮರಿ ನೋಡಲು ಹೋಗಿದ್ದಾನೆ. ಅವರ ಹಟ್ಟಿಯಲ್ಲಿ ಈಗ ನಾಯಿ ಇಲ್ಲವೆಂದಲ್ಲ, ಇದೆ. ಆದರೆ ಅದನ್ನು ತಾಯಿಯಿಂದ ತಿಂಗಳೊಳಗೇ ಅಗಲಿಸಿ ತಂದಿದ್ದರು. ಬೆಳೆದು ಮೈತುಂಬಿಕೊಂಡರೂ ಅದರ ಅಂಜಿಕೆ ಹೋಗಲಿಲ್ಲ. ಹಿಂದಿನ ಚಳಿಗಾಲದಲ್ಲಿ ಒಂದು ರಾತ್ರಿ ತೋಳ ಹಟ್ಟಿಗೆ ಬಂದಾಗ ಅದು ಬೊಗಳಲೂ ಇಲ್ಲ; ಚಕ್ಕಡಿಯ ಕೆಳಗೆ ಮುದುರಿ ಮಲಗಿತ್ತು. ಬೆಳಗಾದಾಗ ಎರಡು ಕುರಿಮರಿಗಳು ಇರಲಿಲ್ಲ. ಕುರಿಗಾರನ ಮನೆಯಲ್ಲಿ ಎರಡು ಮರಿಗಳೆಂದರೆ ಮಗಳ ಸೀರೆ, ಮಗನ ಶಾಲೆಯ ಪುಸ್ತಕ, ಬಿತ್ತನೆಯ ಕಾಲದ ಕೈಗಡ. ಹೀಗಿರುವಾಗ ಹೊಸ ಮರಿಯ ಆಯ್ಕೆ ಆಟದ ಮಾತಾಗಲು ಸಾಧ್ಯವಿಲ್ಲ.

ಅಂಗಳಕ್ಕೆ ಕಾಲಿಟ್ಟೊಡನೆ ಹುಡುಗನ ಕಣ್ಣು ಎಲ್ಲಕ್ಕೂ ದೊಡ್ಡದಾದ ಕಂದು ಬಣ್ಣದ ಮರಿಯ ಮೇಲೆ ನೆಟ್ಟಿತು. ಅದು ಉಳಿದ ಮರಿಗಳನ್ನು ತುಳಿದುಕೊಂಡು ಹೋಗಿ ತಾಯಿಯ ಮೊಲೆಗೆ ಬಾಯಿಡುತ್ತಿತ್ತು.

“ಯಜ್ಜಾ, ಇದನ್ನ ಒಯ್ಯೋಣು. ಎಲ್ಲಾರಕಿಂತ ದೊಡ್ಡದೈತಿ” ಎಂದನು.

ಅಜ್ಜನು ಮರಿಗಳ ಕಡೆ ನೋಡಲೇ ಇಲ್ಲ. “ತಡಿ ತಮ್ಮಾ, ಮೊದಲ ಇವುಗಳ ಅವ್ವನ್ನ ನೋಡೂಣು” ಎಂದು ಕಟ್ಟೆಯ ಮೇಲೆ ಕುಳಿತನು.

ಇದೇ ಆಯ್ಕೆಯ ಮೊದಲ ಪಾಠ. ‘ತಾಯಿಯಂತೆ ಮಗಳು, ನೂಲಿನಂತೆ ಸೀರೆ’ ಎಂಬ ಗಾದೆ ಇಲ್ಲಿಯೂ ಸಲ್ಲುತ್ತದೆ. ಎರಡು ತಿಂಗಳ ಮರಿಯಲ್ಲಿ ಕಾಣದುದು ಬೆಳೆದ ತಾಯಿತಂದೆಗಳಲ್ಲಿ ಕಾಣುತ್ತದೆ. ತಾಯಿ ಹೊಸಬರನ್ನು ಕಂಡು ಹೇಗೆ ನಡೆದುಕೊಳ್ಳುತ್ತದೆ? ಬೊಗಳಿ ತಡೆದು, ಒಡೆಯನು ಸುಮ್ಮನಿರು ಎಂದ ಮೇಲೆ ಸುಮ್ಮನಾಗುತ್ತದೆಯೇ? ಅಥವಾ ಬಾಲವನ್ನು ಮಡಿಚಿ ಮೂಲೆ ಸೇರುತ್ತದೆಯೇ? ಕಾರಣವಿಲ್ಲದೆ ಕಚ್ಚಲು ಬರುತ್ತದೆಯೇ? ತಂದೆನಾಯಿ ಯಾರ ಮನೆಯದು, ಮಂದೆಯಲ್ಲಿ ಹೇಗಿದೆ ಎಂಬುದನ್ನೂ ವಿಚಾರಿಸಬೇಕು. ತಂದೆ ತಾಯಿ ಒಂದೇ ಸೂಲಿನ ಒಡಹುಟ್ಟುಗಳಾಗಿದ್ದರೆ ಅಂತಹ ಮರಿಗಳನ್ನು ಬಿಡುವುದೇ ಲೇಸು. ಹತ್ತಿರದ ರಕ್ತ ಮತ್ತೆ ಮತ್ತೆ ಕೂಡಿದಾಗ ವಂಶದಲ್ಲಿ ಅಡಗಿದ ರೋಗಗಳೂ ನ್ಯೂನತೆಗಳೂ ಮೇಲಕ್ಕೆ ಬರುವ ಸಂಭವ ಹೆಚ್ಚು.

ಎರಡನೆಯ ಪಾಠ ಕಾಲದ್ದು. ಹುಟ್ಟಿದ ಮರಿಗೆ ಕಣ್ಣೂ ಕಾಣದು, ಕಿವಿಯೂ ಕೇಳದು. ಹತ್ತರಿಂದ ಹದಿನಾಲ್ಕು ದಿನಗಳಲ್ಲಿ ಕಣ್ಣು ಬಿಡುತ್ತದೆ. ಅದರ ಬೆನ್ನಿಗೇ ಕಿವಿ ತೆರೆಯುತ್ತದೆ. ಮೂರನೆಯ ವಾರದಿಂದ ಹಾಲುಹಲ್ಲು ಮೂಡತೊಡಗುತ್ತವೆ. ಆಮೇಲೆ ಮರಿಗಳು ಒಂದನ್ನೊಂದು ಕಚ್ಚಿ ಎಳೆದು ಆಡುತ್ತವೆ. ನೋಡುವವರಿಗೆ ಅದು ಆಟ. ಮರಿಗೆ ಅದೇ ಪಾಠಶಾಲೆ. ಗಟ್ಟಿಯಾಗಿ ಕಚ್ಚಿದರೆ ಒಡಹುಟ್ಟು ಕುಂಯ್‌ಗುಟ್ಟಿ ಆಟವನ್ನು ನಿಲ್ಲಿಸುತ್ತದೆ, ತಾಯಿ ಗದರಿಸುತ್ತದೆ. ಹೀಗೆ ಹಲ್ಲಿನ ಬಲವನ್ನು ಎಷ್ಟು ತೋರಬೇಕು, ಎಲ್ಲಿ ತಡೆಯಬೇಕು ಎಂಬುದನ್ನು ಮರಿ ಕಲಿಯುತ್ತದೆ. ಈ ಶಾಲೆಯನ್ನು ಮುಗಿಸದೆ ತಂದ ಮರಿ ಅಂಜುಬುರುಕವಾಗುವುದುಂಟು, ಕಚ್ಚುವ ನಾಯಿಯಾಗುವುದೂ ಉಂಟು. ಆದುದರಿಂದ ಎಂಟು ವಾರ ತುಂಬುವ ಮೊದಲು ಮರಿಯನ್ನು ತಾಯಿಯಿಂದ ಅಗಲಿಸಬಾರದು. ಆ ಅಂಗಳದ ಮರಿಗಳಿಗೆ ಆಗ ಆರು ವಾರ. ನೋಡುವುದಕ್ಕೆ ಅದು ಸಕಾಲ, ಒಯ್ಯುವುದಕ್ಕಲ್ಲ.

ಮೂರನೆಯದು ಆರೋಗ್ಯದ ಪರೀಕ್ಷೆ. ಕಣ್ಣು ತಿಳಿಯಾಗಿರಬೇಕು, ಪಿಸುರು ಇರಬಾರದು. ಮೂಗಿನಿಂದ ಸಿಂಬಳ ಸುರಿಯಬಾರದು. ಕಿವಿಯೊಳಗೆ ದುರ್ವಾಸನೆ ಇರಬಾರದು. ಒಸಡು ನಸುಗೆಂಪಾಗಿರಬೇಕು, ಬಿಳಿಚಿಕೊಂಡಿದ್ದರೆ ರಕ್ತ ಕಡಿಮೆಯಾಗಿದೆ ಎಂದರ್ಥ. ಬಾಯಿ ಮುಚ್ಚಿದಾಗ ಮೇಲಿನ ಮುಂಬಲ್ಲುಗಳು ಕೆಳಗಿನವುಗಳ ಮುಂದೆ ಕತ್ತರಿಯಂತೆ ಸ್ವಲ್ಪವೇ ಚಾಚಿ ಕೂಡಬೇಕು. ಮೈಯ ಕೂದಲನ್ನು ಹಿಂದಕ್ಕೆ ಸವರಿ ಚಿಗಟ, ಉಣ್ಣೆ, ಹುರುಕುಗಳಿವೆಯೇ ಎಂದು ನೋಡಬೇಕು. ಹೊಕ್ಕುಳಲ್ಲಿ ಗಂಟಿನಂತಹ ಉಬ್ಬು ಇದ್ದರೆ ಪಶುವೈದ್ಯರಿಗೆ ತೋರಿಸಬೇಕು. ಪಕ್ಕೆಲುಬು ಕಾಣುತ್ತಿದ್ದು ಹೊಟ್ಟೆ ಮಾತ್ರ ಗುಡಾಣದಂತಿದ್ದರೆ ಅದು ತುಂಬಿದ ಹೊಟ್ಟೆಯಲ್ಲ; ಜಂತುಹುಳುವಿನ ಗುರುತು. ಗಟ್ಟಿನೆಲದ ಮೇಲೆ ಮರಿಯನ್ನು ನಡೆಯಲು ಬಿಟ್ಟು, ಮುಂದಿನಿಂದಲೂ ಹಿಂದಿನಿಂದಲೂ ನೋಡಬೇಕು. ಕಾಲುಗಳು ನೆಟ್ಟಗೆ ಬೀಳಬೇಕು, ಕುಂಟಬಾರದು.

ಅಂಗಲಕ್ಷಣದ ವಿಷಯದಲ್ಲಿ ಮಾತ್ರ ಅತಿಯಾದ ಭರವಸೆ ಸಲ್ಲದು. ಎದೆಯ ಆಳ, ಕಾಲಿನ ಉದ್ದ, ತಲೆಯ ಆಕಾರ ಇವು ಎಂಟು ವಾರಗಳಲ್ಲಿ ಪೂರ್ಣವಾಗಿ ಗೊತ್ತಾಗುವುದಿಲ್ಲ. ಇಂದು ಎಲ್ಲಕ್ಕೂ ದೊಡ್ಡದಾಗಿರುವ ಮರಿ, ಹಾಲು ಹೆಚ್ಚಾಗಿ ಬರುವ ಮೊಲೆಯನ್ನು ಮೊದಲು ಹಿಡಿದ ಮರಿಯಾಗಿರಬಹುದು, ಅಷ್ಟೆ. ಬಣ್ಣಕ್ಕಂತೂ ಓಟದ ಸಂಬಂಧವೇ ಇಲ್ಲ. ಕಂದು ಮರಿಯೂ ಕರಿಯ ಮರಿಯೂ ಒಂದೇ ತಾಯಿಯ ಹಾಲನ್ನು ಕುಡಿದವು.

ಇದಕ್ಕಿಂತ ಕೆಟ್ಟುದು ಹಳೆಯ ಕೆಲವು ‘ಪರೀಕ್ಷೆ’ಗಳು. ಅಂಗುಳು ಕಪ್ಪಾಗಿದ್ದರೆ ನಾಯಿ ಗಟ್ಟಿ ಎಂಬ ನಂಬಿಕೆ ಹಲವು ಕಡೆ ಇದೆ. ಅದರಿಂದ ಹಾನಿಯಿಲ್ಲ, ಲಾಭವೂ ಇಲ್ಲ. ಆದರೆ ಮರಿಯನ್ನು ಕಿವಿ ಹಿಡಿದೋ ಬಾಲ ಹಿಡಿದೋ ಎತ್ತಿ, ಅಳದಿದ್ದುದು ಧೈರ್ಯದ ಮರಿ ಎಂದು ತೀರ್ಮಾನಿಸುವುದು ಕ್ರೌರ್ಯ. ನೋವಿಗೆ ಕೂಗದ ಮರಿ ಧೈರ್ಯದ್ದೇ ಆಗಿರಬೇಕೆಂದೇನೂ ಇಲ್ಲ. ಹೆದರಿ ಮರಗಟ್ಟಿದ ಮರಿಯೂ ಕೂಗುವುದಿಲ್ಲ. ಪ್ರಾಣಿಗಳಿಗೆ ಹಿಂಸೆ ಕೊಡುವುದನ್ನು 1960ರ ಕಾಯಿದೆಯು ಅಪರಾಧವೆಂದು ಸಾರಿದೆ. ಕಾಯಿದೆ ಇಲ್ಲದಿದ್ದರೂ, ನಾಳೆ ತನ್ನನ್ನು ಕಾಯಬೇಕಾದ ಪ್ರಾಣಿಗೆ ಮನುಷ್ಯನ ಕೈಯ ಮೊದಲ ಪರಿಚಯ ನೋವಿನಿಂದ ಆಗುವುದು ಯಾವ ಬುದ್ಧಿವಂತಿಕೆ?

ನಾಲ್ಕನೆಯ ಪರೀಕ್ಷೆ ನಡತೆಯದು, ಎಲ್ಲಕ್ಕೂ ಮುಖ್ಯವಾದುದು. ಕುರಿಗಾರ ಅಜ್ಜನು ಅದನ್ನು ಮಾಡಿದ ಬಗೆಯಲ್ಲಿ ಬಹುಕಾಲದ ಅನುಭವ ಅಡಗಿದೆ. ಮೊದಲು ಅವನು ದೂರದಲ್ಲಿ ಕುಳಿತು ಮರಿಗಳು ತಮ್ಮಷ್ಟಕ್ಕೆ ಆಡುವುದನ್ನು ನೋಡಿದನು. ಬಳಿಕ ಮನೆಯವರ ಒಪ್ಪಿಗೆ ಪಡೆದು ಒಂದೊಂದೇ ಮರಿಯನ್ನು ಹಿತ್ತಿಲಿಗೆ ತಂದು ಬಿಡಿಸಿದನು. ಒಡಹುಟ್ಟುಗಳ ನಡುವೆ ಹುಲಿಯಂತಿದ್ದ ಮರಿ ಒಂಟಿಯಾದಾಗ ಬೇರೆಯೇ ಆಗಿಬಿಡುತ್ತದೆ ಎಂಬುದು ಅವನಿಗೆ ಗೊತ್ತಿತ್ತು.

ಮೊಮ್ಮಗನ ಕೈಯಲ್ಲಿ ಒಂದು ಹಿತ್ತಾಳೆಯ ಗಂಗಾಳವನ್ನು ಕೊಟ್ಟು, ಸ್ವಲ್ಪ ದೂರದಲ್ಲಿ ನೆಲಕ್ಕೆ ಬೀಳಿಸೆಂದನು. ಸದ್ದಿಗೆ ಎಲ್ಲ ಮರಿಗಳೂ ಬೆಚ್ಚಿದವು. ಬೆಚ್ಚುವುದು ತಪ್ಪಲ್ಲ, ಕಿವಿಯಿದ್ದ ಪ್ರಾಣಿ ಬೆಚ್ಚಲೇಬೇಕು. ಬೆಚ್ಚಿದ ಮೇಲೆ ಏನು ಮಾಡುತ್ತದೆ ಎಂಬುದೇ ನೋಡಬೇಕಾದುದು. ಹುಡುಗ ಮೆಚ್ಚಿದ್ದ ಕಂದು ಮರಿ ಗೋಡೆಯ ಬುಡಕ್ಕೆ ಓಡಿ, ಬಹಳ ಹೊತ್ತು ಈಚೆಗೆ ಬರಲಿಲ್ಲ. ಮತ್ತೊಂದು ಕಿರುಚುತ್ತಲೇ ಇತ್ತು. ಬೂದು ಬಣ್ಣದ ಹೆಣ್ಣುಮರಿಯೊಂದು ಮಾತ್ರ ನಾಲ್ಕು ಹೆಜ್ಜೆ ಹಿಂದೆ ಸರಿದು ನಿಂತಿತು, ಕಿವಿ ನಿಮಿರಿಸಿತು, ಆಮೇಲೆ ಮೆಲ್ಲಗೆ ಬಂದು ಗಂಗಾಳವನ್ನು ಮೂಸಿ ನೋಡಿತು.

ಎರಡನೆಯ ಬಾರಿ ಅಜ್ಜನು ಹಳೆಯ ಬಟ್ಟೆಯ ಚೂರನ್ನು ದಾರಕ್ಕೆ ಕಟ್ಟಿ ನೆಲದ ಮೇಲೆ ಎಳೆಸಿದನು. ಕಣ್ಣಿನಿಂದ ಬೇಟೆಯಾಡುವ ತಳಿಯಲ್ಲವೇ! ಚಲಿಸುವುದನ್ನು ಕಂಡೊಡನೆ ಮೂರು ಮರಿಗಳು ಒಂದಾದಮೇಲೊಂದು ಬೆನ್ನಟ್ಟಿದವು. ಹುಡುಗ ಹಿಗ್ಗಿ ಚಪ್ಪಾಳೆ ತಟ್ಟಿದನು. ಅಜ್ಜನು ಮಾತ್ರ ಓಟವನ್ನು ನೋಡಿ ಸುಮ್ಮನಿದ್ದು, ಪ್ರತಿ ಬಾರಿಯೂ ಮರಿ ಬಟ್ಟೆಯನ್ನು ಹಿಡಿದೊಡನೆ ಮಂಡಿಯೂರಿ ಕುಳಿತು ನಾಲಿಗೆಯಿಂದ ಲೊಚ್ಚೆಂದು ಸದ್ದು ಮಾಡಿ ಕರೆದನು. ಎರಡು ಮರಿಗಳಿಗೆ ಲೋಕವೇ ಬೇಡವಾಗಿತ್ತು. ಬೂದು ಮರಿ ಬಟ್ಟೆಯನ್ನು ಕಚ್ಚಿಕೊಂಡೇ ತಲೆಯೆತ್ತಿ ಅವನ ಮುಖವನ್ನು ನೋಡಿತು. ಒಂದು ಗಳಿಗೆ ತಡೆದು, ಬಟ್ಟೆಯನ್ನು ಎಳೆದುಕೊಂಡೇ ಅವನ ಕಡೆಗೆ ಬಂದಿತು.

“ಇದ ನೋಡು ತಮ್ಮಾ” ಎಂದನು ಅಜ್ಜ. “ಓಡೋದು ಇವುಗಳ ರಕ್ತದಾಗ ಐತಿ, ನಾವು ಕಲಸಬೇಕಾಗಿಲ್ಲ. ಹೊಳ್ಳಿ ಬರೋದನ್ನ ಕಲಸಬೇಕು. ಕಲಿಯೂ ಮನಸಿದ್ದ ಮರೀನ ಹುಡುಕಬೇಕು.”

“ಮತ್ತ ಇದು ಸಣ್ಣದೈತೆಲ್ಲ ಯಜ್ಜಾ?”

“ರೊಟ್ಟಿ ಹಾಕಿದರ ಮೈ ಬೆಳಿತೈತಿ. ಮನಸ ಬೆಳಿಯಾಕ ಬ್ಯಾರೆ ಬೇಕು.”

ಅಂದು ಅವರು ಮರಿಯನ್ನು ಒಯ್ಯಲಿಲ್ಲ. ಎರಡು ವಾರಗಳ ಮೇಲೆ ಬರುವುದಾಗಿ ಹೇಳಿ, ಆ ಮನೆಯವರಿಗೆ ಸ್ವಲ್ಪ ಹಣವನ್ನು ಮುಂಗಡ ಕೊಟ್ಟು ಹಿಂದಿರುಗಿದರು. ಒಂದೇ ದಿನದ ನೋಟದಿಂದ ಮರಿಯನ್ನು ತೀರ್ಮಾನಿಸಬಾರದು. ಉಂಡು ಮಲಗುವ ಹೊತ್ತಿನಲ್ಲಿ ಚುರುಕಾದ ಮರಿಯೂ ಮಂಕಾಗಿ ಕಾಣುತ್ತದೆ. ಮತ್ತೊಮ್ಮೆ, ಬೇರೊಂದು ಹೊತ್ತಿನಲ್ಲಿ ನೋಡಿದರೆ ನೋಟ ಗಟ್ಟಿಯಾಗುತ್ತದೆ.

ಕುರಿಗಾರನ ಈ ಅನುಭವವನ್ನು ವಿಜ್ಞಾನವು ಬಹುಮಟ್ಟಿಗೆ ಒಪ್ಪುತ್ತದೆ, ಸ್ವಲ್ಪ ತಿದ್ದುತ್ತದೆ. ಅಮೆರಿಕದ ಬಾರ್ ಹಾರ್ಬರ್ ಎಂಬಲ್ಲಿಯ ಪ್ರಯೋಗಾಲಯದಲ್ಲಿ ಸ್ಕಾಟ್ ಮತ್ತು ಫುಲ್ಲರ್ ಎಂಬ ವಿಜ್ಞಾನಿಗಳು ಐದು ತಳಿಯ ನಾಯಿಮರಿಗಳನ್ನು ವರ್ಷಗಟ್ಟಲೆ ಅಭ್ಯಸಿಸಿ, ತಾವು ಕಂಡುಕೊಂಡುದನ್ನು 1965ರಲ್ಲಿ ಪ್ರಕಟಿಸಿದರು. ಮೂರನೆಯ ವಾರದಿಂದ ಸುಮಾರು ಹನ್ನೆರಡನೆಯ ವಾರದವರೆಗಿನ ಕಾಲವು ಮರಿಯ ಬಾಳಿನಲ್ಲಿ ಬಹು ಮಹತ್ವದ್ದೆಂದು ಅವರು ತೋರಿಸಿದರು. ಈ ಅವಧಿಯಲ್ಲಿ ಮನುಷ್ಯರ ಸಹವಾಸವನ್ನೇ ಕಾಣದ ಮರಿ ಮುಂದೆ ಮನುಷ್ಯರನ್ನು ನಂಬುವುದು ಕಷ್ಟ. ಮರಿಗಳ ನಡತೆಯನ್ನು ಏಳನೆಯ ವಾರದ ಸುಮಾರಿಗೆ ಪರೀಕ್ಷಿಸುವ ಪದ್ಧತಿಗಳು ಆಮೇಲೆ ಹಲವು ದೇಶಗಳಲ್ಲಿ ಬಳಕೆಗೆ ಬಂದವು. ಆದರೆ ಅಂತಹ ಪರೀಕ್ಷೆಯೊಂದರಿಂದಲೇ ಬೆಳೆದ ನಾಯಿಯ ಸ್ವಭಾವವನ್ನು ನಿಶ್ಚಯವಾಗಿ ಹೇಳಲಾಗದು ಎಂಬುದೂ ಮುಂದಿನ ಅಧ್ಯಯನಗಳಿಂದ ತಿಳಿದುಬಂದಿತು. ಗಂಗಾಳದ ಸದ್ದು, ಬಟ್ಟೆಯ ಚೂರು ಮುನ್ಸೂಚನೆ ಕೊಡುತ್ತವೆ; ಭವಿಷ್ಯ ನುಡಿಯುವುದಿಲ್ಲ. ಒಳ್ಳೆಯ ಮರಿಯನ್ನು ಆರಿಸಿ ತಂದು ಹಗಲಿರುಳು ಸರಪಳಿಯಲ್ಲಿ ಕಟ್ಟಿದರೆ ಅದು ಕೆಡುತ್ತದೆ. ಸಾಧಾರಣವಾದ ಮರಿಯೂ ಪ್ರೀತಿ, ಶಿಸ್ತು, ಕೆಲಸಗಳ ನಡುವೆ ಬೆಳೆದರೆ ಗಟ್ಟಿಯಾದ ನಾಯಿಯಾಗುತ್ತದೆ. ಆಯ್ಕೆಯು ಬಿತ್ತನೆ ಮಾತ್ರ. ಬೆಳೆ ಬರುವುದು ಬೇಸಾಯದಿಂದ.

ಇಲ್ಲಿ ಒಂದು ಪ್ರಶ್ನೆ ಏಳುವುದು ಸಹಜ. ಬೇಟೆಯೇ ಇಲ್ಲದ ಕಾಲದಲ್ಲಿ ಬೇಟೆನಾಯಿ ಏಕೆ? 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಬೇಟೆಯನ್ನು ನಿಷೇಧಿಸಿತು. ಕುಷ್ಟಗಿ ಯಲಬುರ್ಗಾ ಬಯಲಿನ ಜನ ‘ಚಿಗರಿ’ ಎಂದು ಕರೆಯುವ ಕೃಷ್ಣಮೃಗವು ಅತ್ಯಂತ ಹೆಚ್ಚಿನ ರಕ್ಷಣೆ ಪಡೆದ ಪ್ರಾಣಿಗಳ ಪಟ್ಟಿಯಲ್ಲಿದೆ. ಅದನ್ನು ಕೊಂದವರಿಗೆ ಮೂರರಿಂದ ಏಳು ವರ್ಷಗಳ ಸೆರೆವಾಸವನ್ನು ಕಾಯಿದೆ ವಿಧಿಸುತ್ತದೆ. ನಾಯಿಯನ್ನು ಛೂ ಬಿಟ್ಟು ಕೊಲ್ಲಿಸಿದರೂ ಅದು ಬೇಟೆಯೇ. ಕುರಿಗಾರನ ಹಗೆಯಾದ ತೋಳಕ್ಕೂ ಅದೇ ರಕ್ಷಣೆ ಇದೆ. ಗಂಗಾವತಿಯ ಕಡೆಯ ಬಂಕಾಪುರದಲ್ಲಿ ತೋಳಗಳಿಗಾಗಿಯೇ ಒಂದು ವನ್ಯಧಾಮವು ಇತ್ತೀಚಿನ ವರ್ಷಗಳಲ್ಲಿ ರೂಪುಗೊಂಡಿದೆ. ಹುಲ್ಲುಗಾವಲು ಕಿರಿದಾಗಿ, ತಿನ್ನಲು ಮೊಲ ಚಿಗರಿಗಳು ಕಡಿಮೆಯಾದಾಗ ತೋಳ ಹಟ್ಟಿಗೆ ಬರುತ್ತದೆ. ಅದರ ಬದುಕೂ ಕುರಿಗಾರನ ಬದುಕಿನಂತೆಯೇ ಬಯಲನ್ನು ನಂಬಿದ್ದು.

ಹೀಗಿರಲು ಕುರಿಗಾರನಿಗೆ ಇಂದು ಬೇಕಾದುದು ತೋಳವನ್ನು ಕೊಲ್ಲುವ ನಾಯಿಯಲ್ಲ. ತೋಳ ಬಂದುದನ್ನು ಮೊದಲು ಅರಿತು, ಎದುರು ನಿಂತು ಬೊಗಳಿ, ಮಂದೆಯನ್ನೂ ಒಡೆಯನನ್ನೂ ಎಚ್ಚರಿಸುವ ನಾಯಿ. ಮನುಷ್ಯ ಕೋಲು ಹಿಡಿದು ಎದ್ದು ನಿಂತರೆ, ದೀವಟಿಗೆ ಹೊತ್ತಿದರೆ ತೋಳ ಸಾಮಾನ್ಯವಾಗಿ ಹಿಂದಿರುಗುತ್ತದೆ. ಚಿಗರಿಯ ಹಿಂಡು ಹೊಲದಂಚಿನಲ್ಲಿ ಸುಳಿದಾಗ ಬೆನ್ನಟ್ಟಲು ಮೈಯೆಲ್ಲ ಬಿಲ್ಲಾದರೂ, ಒಡೆಯನ ಒಂದು ಕರೆಗೆ ನಿಲ್ಲುವ ನಾಯಿ ಬೇಕು. ಕಾಳಿಯ ಕಾಲದಲ್ಲಿ ಮುನ್ನುಗ್ಗುವುದೇ ದೊಡ್ಡ ಗುಣವಾಗಿತ್ತು. ಈ ಕಾಲದಲ್ಲಿ ಮುನ್ನುಗ್ಗಬಲ್ಲದ್ದು ಮರಳಲೂ ಬಲ್ಲದೇ ಎಂಬುದು ಪರೀಕ್ಷೆ. ಅಜ್ಜನು ಹಿತ್ತಿಲಿನಲ್ಲಿ ಹುಡುಕಿದ್ದು ಆ ಗುಣವನ್ನೇ.

ಮರಿಯನ್ನು ತಂದ ಮೇಲಿನ ಹೊಣೆಯೂ ಚಿಕ್ಕದಲ್ಲ. ಜಂತುಹುಳುವಿಗೆ ಔಷಧ ಕೊಡಿಸಬೇಕು. ಆರರಿಂದ ಎಂಟು ವಾರಗಳ ಹೊತ್ತಿಗೆ ರೋಗನಿರೋಧಕ ಚುಚ್ಚುಮದ್ದು ಪ್ರಾರಂಭವಾಗಬೇಕು. ಮೂರು ತಿಂಗಳಿಗೆ ಹುಚ್ಚುನಾಯಿ ರೋಗದ ಲಸಿಕೆ ತಪ್ಪದೆ ಆಗಬೇಕು. ಇದು ನಾಯಿಯ ಮತ್ತು ಮನೆಯವರ ರಕ್ಷಣೆಗಷ್ಟೇ ಅಲ್ಲ. ಲಸಿಕೆಯಿಲ್ಲದ ನಾಯಿಗಳಿಂದ ಹುಚ್ಚು ಮೊದಲಾದ ರೋಗಗಳು ತೋಳ ನರಿಗಳಿಗೆ ತಗಲಿ ಅವುಗಳ ಸಂತತಿಗೆ ಆಪತ್ತು ತರುತ್ತವೆ. ಅಂಕೆಯಿಲ್ಲದೆ ಅಲೆಯುವ ನಾಯಿಗಳು ತೋಳಗಳೊಂದಿಗೆ ಕೂಡಿ ಬೆರಕೆ ಮರಿಗಳು ಹುಟ್ಟುವುದೂ ಉಂಟು. ಹಟ್ಟಿಯ ನಾಯಿಯನ್ನು ಸರಿಯಾಗಿ ಸಾಕಿದವನು ತನಗರಿಯದೆಯೇ ಕಾಡನ್ನೂ ಕಾಯುತ್ತಾನೆ.

ಎರಡು ವಾರ ಕಳೆಯಿತು. ಅಜ್ಜ ಮೊಮ್ಮಗ ಮತ್ತೆ ಆ ಅಂಗಳಕ್ಕೆ ಬಂದರು. ಈ ಸಲ ಹುಡುಗನು ಮರಿಗಳ ಕಡೆ ಓಡಲಿಲ್ಲ. ಕಟ್ಟೆಯ ಮೇಲೆ ಕುಳಿತು ಮೊದಲು ತಾಯಿಯನ್ನು ನೋಡಿದನು. ಅದು ಎರಡು ಸಲ ಬೊಗಳಿ, ಮನೆಯವರ ಮಾತಿಗೆ ಸುಮ್ಮನಾಯಿತು. ಬಳಿಕ ಅವನು ಬೂದು ಮರಿಯ ಒಸಡು ನೋಡಿದನು, ಹೊಟ್ಟೆ ಮುಟ್ಟಿ ನೋಡಿದನು, ನೆಲಕ್ಕೆ ಬಿಟ್ಟು ನಡೆಸಿ ನೋಡಿದನು. ಕಂದು ಮರಿಯನ್ನು ಆ ಊರಿನವರೇ ಒಬ್ಬರು ಮನೆ ಕಾಯಲೆಂದು ಒಯ್ದಿದ್ದರು. ಅದು ಕೆಟ್ಟ ಮರಿಯೇನಲ್ಲ; ಬಯಲಿನ ಕೆಲಸಕ್ಕೆ ತಕ್ಕುದಲ್ಲ, ಅಷ್ಟೆ.

ಮರಳುವ ದಾರಿಯಲ್ಲಿ ಮರಿ ಅಜ್ಜನ ಕಂಬಳಿಯೊಳಗೆ ಮಲಗಿತ್ತು. ಊರ ಹೊರಗಿನ ಬಯಲಿನಲ್ಲಿ ಅವನು ಅದನ್ನು ನೆಲಕ್ಕಿಳಿಸಿದನು. ಹುಲ್ಲಿನ ನಡುವೆ ಏನೋ ಸರಕ್ಕನೆ ಸರಿಯಿತು. ಮರಿ ನಿಮಿರಿ ನಿಂತು ಒಂದೇ ನೆಗೆತಕ್ಕೆ ಅತ್ತ ಓಡಿತು. ಹುಡುಗ ಮಂಡಿಯೂರಿ ಕುಳಿತು, ಅಜ್ಜನಂತೆಯೇ ನಾಲಿಗೆಯಿಂದ ಲೊಚ್ಚೆಂದು ಕರೆದನು. ಮರಿ ಓಟವನ್ನು ತಡೆದು ತಿರುಗಿ ನೋಡಿತು. ಅವನು ಕೈ ಚಾಚಿ ಇನ್ನೊಮ್ಮೆ ಕರೆದನು.

ಅಭ್ಯಾಸ

ಪದಗಳ ಅರ್ಥ
ಸೂಲು – ಹೆರಿಗೆ. ಒಂದು ಸಲಕ್ಕೆ ಹುಟ್ಟಿದ ಮರಿಗಳು
ಹಟ್ಟಿ – ಕುರಿಗಳನ್ನು ಕೂಡುವ ಸ್ಥಳ
ಚಕ್ಕಡಿ – ಎತ್ತಿನ ಗಾಡಿ
ಗಂಗಾಳ – ಊಟದ ಅಗಲವಾದ ತಟ್ಟೆ
ಹೊಳ್ಳಿ – ಹಿಂದಿರುಗಿ
ದೀವಟಿಗೆ – ಪಂಜು

ಪ್ರಶ್ನೆಗಳು
1. ಮಣಲೇರನು ಅರಸನಿಂದ ಏನನ್ನು ಬೇಡಿದನು? ಮುಂದೆ ಏನಾಯಿತು?
2. ಎಂಟು ವಾರ ತುಂಬುವ ಮೊದಲು ಮರಿಯನ್ನು ತಾಯಿಯಿಂದ ಏಕೆ ಅಗಲಿಸಬಾರದು?
3. ಗಂಗಾಳದ ಪರೀಕ್ಷೆಯಲ್ಲಿ ಬೂದು ಮರಿಯ ನಡತೆ ಉಳಿದವುಗಳಿಗಿಂತ ಹೇಗೆ ಬೇರೆಯಾಗಿತ್ತು?
4. ‘ಆಯ್ಕೆಯು ಬಿತ್ತನೆ ಮಾತ್ರ; ಬೆಳೆ ಬರುವುದು ಬೇಸಾಯದಿಂದ.’ ಈ ಮಾತನ್ನು ವಿವರಿಸಿರಿ.
5. ಬೇಟೆ ನಿಷೇಧವಾದ ಮೇಲೆ ಬೇಟೆನಾಯಿಯಲ್ಲಿ ಹುಡುಕಬೇಕಾದ ಗುಣ ಹೇಗೆ ಬದಲಾಗಿದೆ?
6. ನಿಮ್ಮ ಊರಿನ ಹಿರಿಯರನ್ನು ಕೇಳಿ, ಅವರು ಎತ್ತು, ಕುರಿ ಅಥವಾ ನಾಯಿಯನ್ನು ಆರಿಸುವ ಬಗೆಯನ್ನು ಹತ್ತು ವಾಕ್ಯಗಳಲ್ಲಿ ಬರೆಯಿರಿ.